ಖಾಲಿ ಪೊಟ್ಟಣದ ಕಾವಲು

ಜಿಯಾಯಿ ಊರಿನ ದೊಡ್ಡಾಸ್ಪತ್ರೆಯ ಮೂರನೇ ಮಹಡಿಯಲ್ಲಿ, ಬಯಾಪ್ಸಿಯ ತುಂಡುಗಳನ್ನು ಮೇಣದಲ್ಲಿ ಕೂರಿಸಿ ತೆಳ್ಳಗೆ ಕೊಯ್ಯುವ ಕೋಣೆಯೊಂದಿದೆ. ಮೂವತ್ತನಾಲ್ಕು ವರ್ಷದಿಂದ ಆ ಕೋಣೆಯ ಯಜಮಾನಿ ಲುವಾನಕ್ಕ. ಕಾಗದದ ಮೇಲೆ ಅವಳು ಹಿರಿಯ ತಂತ್ರಜ್ಞೆ ಅಷ್ಟೆ. ಆದರೆ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಓಯಾಂಗ್ ಕೂಡ ಒಳಗೆ ಬರುವ ಮೊದಲು ಬಾಗಿಲಲ್ಲಿ ನಿಂತು, "ಲುವಾನಕ್ಕ, ಬರಬಹುದಾ?" ಎಂದು ಕೇಳಿಯೇ ಬರುತ್ತಾರೆ. ಅವಳು ಕೊಯ್ಯುವ ಯಂತ್ರದಿಂದ ತಲೆ ಎತ್ತದೆ, "ಉಸಿರು ಹೊರಗೇ ಬಿಟ್ಟು ಬನ್ನಿ" ಎನ್ನುತ್ತಾಳೆ. ಕೊಯ್ದ ಮೇಣದ ಪಟ್ಟಿ ಅಷ್ಟು ತೆಳು. ಯಾರಾದರೂ ಜೋರಾಗಿ ಸೀನಿದರೆ ಒಬ್ಬ ರೋಗಿಯ ಜಠರ ಇನ್ನೊಬ್ಬನ ಮಚ್ಚೆಯ ಮೇಲೆ ಹೋಗಿ ಕೂತೀತು.

ಕುಳ್ಳಗೆ ಗುಂಡಗಿರುವ ಹೆಂಗಸು. ಕನ್ನಡಕವನ್ನು ಬೂಟಿನ ಲಾಡಿಗೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಾಳೆ. ಅವಳ ಅಪ್ಪನದು ಸೋಯಾಹಾಲಿನ ಕೆನೆ ಮಾಡಿ ಮಾರುವ ಅಂಗಡಿ. ಕುದಿಯುವ ಹಾಲಿನ ಮೇಲೆ ಕಟ್ಟುವ ಕೆನೆಯನ್ನು ಬಿದಿರುಕಡ್ಡಿಯಿಂದ ಹರಿಯದಂತೆ ಎತ್ತುವುದನ್ನು ಏಳನೇ ವಯಸ್ಸಿಗೇ ಕಲಿತಳು. ಈಗ ಬಿಸಿನೀರಿನ ತಟ್ಟೆಯ ಮೇಲೆ ತೇಲುವ ಮೇಣದ ಪಟ್ಟಿಯನ್ನು ಗಾಜಿನ ಸ್ಲೈಡಿಗೆ ಎತ್ತಿಕೊಳ್ಳುವುದೂ ಅದೇ ವಿದ್ಯೆ.

"ಹರಿದ ಕೆನೆ ಮಾರೋ ಹಾಗಿರಲಿಲ್ಲ. ನಾವೇ ತಿನ್ನಬೇಕಿತ್ತು," ಎಂದು ಹೊಸಬರಿಗೆ ಹೇಳುತ್ತಾಳೆ. "ನನ್ನ ಮೈ ನೋಡಿದ್ರೆ ಗೊತ್ತಾಗಲ್ವ, ಕಲಿಯೋಕೆ ಎಷ್ಟು ದಿನ ಹಿಡೀತು ಅಂತ?"

ಆ ಕೋಣೆಯಲ್ಲಿ ಅವಳ ಜೊತೆಗಿದ್ದವಳು ವೆನ್‌ಛಿ. ಮೂವತ್ತೊಂದು ವಯಸ್ಸು, ತೈಪೆಯಲ್ಲಿ ಓದಿದವಳು, ಮದುವೆಯಾಗಿ ಈ ಕಡೆ ಬಂದವಳು. ನಾಲ್ಕು ವರ್ಷದ ಮಗಳು ಯಾಯಾ. ವೆನ್‌ಛಿಗೆ ಯಾವುದನ್ನೂ ಸುಮ್ಮನೆ ಬಿಡುವ ಸ್ವಭಾವವಿಲ್ಲ. ಮಗು ಎರಡು ಸಲ ಕೆಮ್ಮಿದರೆ ಮೂರನೆಯದಕ್ಕೆ ಕಾಯುತ್ತಾ ಕೂರುತ್ತಾಳೆ. ಮೂರನೆಯದು ಬರದಿದ್ದರೆ ಯಾಕೆ ಬರಲಿಲ್ಲ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಅಂಥವಳ ಮಗಳ ಎಡಗೆನ್ನೆಯಲ್ಲಿ ವಸಂತದಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ಅಕ್ಕಿಕಾಳಿನಷ್ಟು. ಬೇಸಿಗೆ ಮುಗಿಯುವ ಹೊತ್ತಿಗೆ ಸೋಯಾಕಾಳಿನಷ್ಟು. ಮುಟ್ಟಿದರೆ ಕಲ್ಲು.

ಮಕ್ಕಳ ಡಾಕ್ಟರು, "ಏನೂ ಇರಲಾರದು, ತೆಗೆಸಿ ನೋಡೋಣ" ಎಂದರು. "ಇರಲಾರದು" ಎಂಬ ಮಾತನ್ನು ವೆನ್‌ಛಿ ಮನೆಗೆ ಹೊತ್ತು ತಂದು ಹದಿನೈದು ದಿನ ತಿರುಗಿಸಿ ತಿರುಗಿಸಿ ನೋಡಿದಳು. ಇಲ್ಲ ಎನ್ನಲಿಲ್ಲವಲ್ಲ, ಇರಲಾರದು ಎಂದರಲ್ಲ!

ಅತ್ತೆಯ ಯೋಚನೆ ಬೇರೆ. ಶಸ್ತ್ರಚಿಕಿತ್ಸೆಗೆ ಸಿಕ್ಕ ದಿನ ಚಾಂದ್ರಮಾನದ ಏಳನೇ ತಿಂಗಳ ಹದಿನೇಳು. ಪಾತಾಳದ ಬಾಗಿಲು ತೆರೆದು, ಅನ್ನವಿಲ್ಲದ ಸತ್ತವರೆಲ್ಲ ಬೀದಿಗೆ ಬರುವ ತಿಂಗಳು. ಆ ತಿಂಗಳಲ್ಲಿ ಹೊಸ ಸ್ಕೂಟರನ್ನೂ ಕೊಳ್ಳುವುದಿಲ್ಲ, ಮಗುವಿನ ಕೆನ್ನೆ ಕೊಯ್ಯಿಸುವುದೇ?

"ಒಂದು ತಿಂಗಳು ಕಾದ್ರೆ ಆಕಾಶ ಬೀಳುತ್ತಾ?" ಎಂದರು ಅತ್ತೆ.

"ಬಿದ್ರೆ ಏನ್ ಮಾಡೋದು ಅತ್ತೆ?"

"ನಿನ್ನಿಷ್ಟ. ಆಮೇಲೆ ನನ್ನ ಕೇಳ್ಬೇಡ."

ಹೀಗೆ ಹಟ ಹಿಡಿದು ದಿನ ಗೊತ್ತು ಮಾಡಿದ ಮೇಲೆ, ಆಗುವ ಒಳ್ಳೆಯದು ಕೆಟ್ಟದ್ದೆಲ್ಲ ವೆನ್‌ಛಿಯ ತಲೆಗೇ ಬಂತು.

ಇದರ ನಡುವೆ ಅವಳು ಇನ್ನೊಂದು ಕೆಲಸವನ್ನೂ ಮಾಡಿಬಿಟ್ಟಿದ್ದಳು. ಅದನ್ನು ಹೇಳಬೇಕಾದರೆ ಹಸಿರು ಪೊಟ್ಟಣದ ವಿಷಯ ಹೇಳಬೇಕು.

ಆ ಕೋಣೆಯಲ್ಲಿ ತುಂಡುಗಳನ್ನು ಹದ ಮಾಡುವ ದೊಡ್ಡ ಮೆಷಿನ್ ಇದೆ. ಸಂಜೆ ಐದಕ್ಕೆ ತುಂಡುಗಳನ್ನು ಒಳಗಿಟ್ಟು ಗುಂಡಿ ಒತ್ತಿದರೆ, ಬೆಳಗಿನೊಳಗೆ ಅವುಗಳ ನೀರನ್ನೆಲ್ಲ ಹೀರಿ ಮೇಣ ತುಂಬಿಸಿ ಕೊಡುತ್ತದೆ. ನಡುವೆ ನಿಂತರೆ ಅಷ್ಟೂ ರೋಗಿಗಳ ತುಂಡುಗಳು ಒಣಮೀನು. ಹಾಗಾಗದಿರಲೆಂದು ಅದರ ನೆತ್ತಿಯ ಮೇಲೆ ಜೋಳದ ಕುರುಕಲು ತಿಂಡಿಯ ಹಸಿರು ಪೊಟ್ಟಣವೊಂದು ಕೂತಿರುತ್ತದೆ. ಆ ತಿಂಡಿಯ ಹೆಸರಿಗೇ 'ಜಾಣನಾಗಿರು' ಎಂದು ಅರ್ಥ. ಊರಿನಲ್ಲಿ ಬ್ಯಾಂಕಿನ ಕಂಪ್ಯೂಟರಿನ ಮೇಲೂ ಅದೇ, ರೈಲು ನಿಲ್ದಾಣದ ಟಿಕೆಟ್ ಯಂತ್ರದ ಮೇಲೂ ಅದೇ. ಪೊಟ್ಟಣ ಹಸಿರೇ ಆಗಬೇಕು. ಹಳದಿ ಇಟ್ಟರೆ ಮೆಷಿನ್ ಮುನಿಯುತ್ತದೆ, ಕೆಂಪು ಇಟ್ಟರೆ ಮಲಗಿಬಿಡುತ್ತದೆ. ಯಾರೂ ತೆರೆಯಬಾರದು. ತಿನ್ನುವುದಂತೂ ಇಲ್ಲವೇ ಇಲ್ಲ. ದಿನಾಂಕ ಮೀರುವ ಮುಂಚೆ ಬದಲಿಸಬೇಕು. ಲುವಾನಕ್ಕ ದಿನಾ ಐದಕ್ಕೆ ಗುಂಡಿ ಒತ್ತಿ, ಪೊಟ್ಟಣವನ್ನು ಎರಡು ಸಲ ತಟ್ಟಿ, "ಜಾಣ, ಬೆಳಗ್ಗೆವರೆಗೂ ಹಟ ಮಾಡ್ಬೇಡ" ಎಂದು ಹೇಳಿಯೇ ಮನೆಗೆ ಹೋಗುವುದು.

ಏಳನೇ ತಿಂಗಳು ಹುಟ್ಟಲು ನಾಲ್ಕು ದಿನವಿದ್ದಾಗ, ಯಾಯಾಳ ರಕ್ತ ತೆಗೆಯಲೆಂದು ವೆನ್‌ಛಿ ಮಗುವನ್ನು ಆಸ್ಪತ್ರೆಗೆ ತಂದಿದ್ದಳು. ಸೂಜಿ ಕಂಡದ್ದೇ ಮಗು ಮೂರು ಮಹಡಿಗೂ ಕೇಳುವಂತೆ ಅತ್ತಿತು. ಲುವಾನಕ್ಕ ಊಟಕ್ಕೆ ಹೋಗಿದ್ದಳು. ವೆನ್‌ಛಿ ಹೊರಗಿನ ಕೋಣೆಯಲ್ಲಿ ಮಗುವನ್ನು ಕೂರಿಸಿ ಒಳಗೆ ಓಡಿಬಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಳು. ಪೊಟ್ಟಣವನ್ನು ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿ ಕೊಟ್ಟಳೆನ್ನಿ. ಎಷ್ಟಾದರೂ ಅವಳು ಅವಳೇ. ಅಳು ನಿಂತಿತು. ಹತ್ತು ನಿಮಿಷದಲ್ಲಿ ಪೊಟ್ಟಣ ಖಾಲಿ.

ಕೆಳಗಿನ ಅಂಗಡಿಗೆ ಓಡಿದಳು. ಹಳದಿ ಇತ್ತು, ಕೆಂಪು ಇತ್ತು, ಹಸಿರು ಮಾತ್ರ ಇರಲಿಲ್ಲ. ತಿಂಗಳ ನಡುವೆ ಆಸ್ಪತ್ರೆಯ ಅಂಗಳದಲ್ಲಿ ಸತ್ತವರಿಗೆ ಎಡೆ ಇಡುತ್ತಾರಲ್ಲ, ಅದಕ್ಕೆಂದು ಎಲ್ಲ ವಿಭಾಗದವರೂ ಮೊದಲೇ ಕಾದಿರಿಸಿದ್ದರಂತೆ. ವೆನ್‌ಛಿ ಮೇಲೆ ಬಂದು, ಖಾಲಿ ಹಸಿರು ಪೊಟ್ಟಣದೊಳಗೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ತುಂಬಿದಳು. ಬಾಯಿ ಮುಚ್ಚಲು ಬಿಸಿ ಮೇಣದ ಎರಡು ತೊಟ್ಟು ಸಾಕಾಯಿತು; ಆ ಕೋಣೆಯಲ್ಲಿ ಮೇಣಕ್ಕೇನು ಬರ? ಮೆಷಿನ್ನಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು. ಅದೇ ಆಕಾರ, ಅದೇ ಬಣ್ಣ. ಒಳಗೆ ಮಾತ್ರ ಏನಿಲ್ಲ.

ನಾಳೆಯೇ ಹೊಸದು ತಂದಿಡುತ್ತೇನೆ ಎಂದುಕೊಂಡಳು. ತಂದಳು ಕೂಡ, ಎರಡು ಸಲ. ಎರಡು ಸಲವೂ ಸ್ಕೂಟರಿನ ಬುಟ್ಟಿಯಲ್ಲಿದ್ದದ್ದು ಯಾಯಾಳ ಕಣ್ಣಿಗೆ ಬಿತ್ತು. ಇತ್ತ ಮೆಷಿನ್ ತನ್ನ ಪಾಡಿಗೆ ತಾನು ಸೊಗಸಾಗಿ ನಡೆಯುತ್ತಿತ್ತು. ಲುವಾನಕ್ಕ ದಿನಾ ಸಂಜೆ ಗಾಜ್ ಬಟ್ಟೆಯನ್ನು ತಟ್ಟಿ ಮುದ್ದು ಮಾಡುವುದನ್ನು ಕಂಡು ವೆನ್‌ಛಿ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಜೋಳದ ಹಿಟ್ಟಿಗೂ ಕಬ್ಬಿಣಕ್ಕೂ ಎಲ್ಲಿಯ ನಂಟು? ಓದಿದವಳಿಗೆ ಅಷ್ಟು ತಿಳಿಯದೇ?

ಏಳನೇ ತಿಂಗಳ ಹದಿನೇಳರಂದು ಯಾಯಾಳ ಗಂಟು ತೆಗೆದರು. ಮರುದಿನ ಬೆಳಿಗ್ಗೆ ಡಬ್ಬಿಗಳ ಸಾಲಿನಲ್ಲಿ ಮಗಳ ಹೆಸರಿನ ಚೀಟಿಯಿದ್ದ ಪುಟ್ಟ ಡಬ್ಬಿ ಬಂದು ಕೂತಿತು. ವೆನ್‌ಛಿ ಅದನ್ನು ನೋಡಿದಳು. ಆಮೇಲೆ ಮೆಷಿನ್ನಿನ ನೆತ್ತಿ ನೋಡಿದಳು. ಓದಿದ್ದೆಲ್ಲ ಆ ಕ್ಷಣಕ್ಕೆ ಮೆಟ್ಟಿಲಿಳಿದು ಓಡಿಹೋಯಿತು.

"ಇದನ್ನ ನೀನು ಮುಟ್ಟಬಾರದು," ಎಂದು ಲುವಾನಕ್ಕ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಮನೆಯವರ ತುಂಡನ್ನು ಮನೆಯವರು ಕೊಯ್ಯಬಾರದೆಂಬುದು ಆ ಕೋಣೆಯ ಕಟ್ಟು. "ನನ್ನ ತಂಗಿ ಗಂಡನ ಮೂಲವ್ಯಾಧಿ ಬಂದಾಗ ನಾನೂ ಮುಟ್ಟಲಿಲ್ಲ. ಮುಟ್ಟೋ ಆಸೆಯೇನೂ ಇರಲಿಲ್ಲ ಬಿಡು."

ವೆನ್‌ಛಿಗೆ ನಗು ಬರಲಿಲ್ಲ. ಅವಳಿಗೆ ಬೇಕಾದದ್ದೇನು ಎಂಬುದು ಅವಳಿಗೆ ಪುಸ್ತಕದ ಪುಟದ ಸಮೇತ ಗೊತ್ತಿತ್ತು. ಮಕ್ಕಳ ಕೆನ್ನೆಯ ಕಲ್ಲುಗಂಟುಗಳಲ್ಲಿ ಒಂದು ಜಾತಿ ಇದೆ. ಅದರಿಂದ ಯಾವ ಅಪಾಯವೂ ಇಲ್ಲ. ಅದರೊಳಗೆ ಸತ್ತ ಜೀವಕೋಶಗಳು ಕರಗಿಹೋಗದೆ ಇದ್ದಲ್ಲೇ ನಿಂತಿರುತ್ತವೆ. ಗೋಡೆ ಹಾಗೇ ಇರುತ್ತದೆ, ನಡುವೆ ಇರಬೇಕಾದ ನೀಲಿ ಬೊಟ್ಟು, ಅಂದರೆ ಕೋಶಕೇಂದ್ರ, ಇರುವುದಿಲ್ಲ. ಅದಿದ್ದ ಜಾಗ ಬರೀ ಬಿಳಿ. ದೀಪ ಆರಿಸಿ ಬಾಗಿಲು ಹಾಕಿದ ಗುಲಾಬಿ ಬಣ್ಣದ ಮನೆಗಳ ಓಣಿಯ ಹಾಗೆ. ಪುಸ್ತಕದಲ್ಲಿ ಅವಕ್ಕೆ ದೆವ್ವಕೋಶ ಎಂದೇ ಹೆಸರು. ಆದರೆ ಏಳನೇ ತಿಂಗಳಲ್ಲಿ ಆ ಹೆಸರೆತ್ತಿದವರಿಗೆ ಲುವಾನಕ್ಕನ ಕೋಣೆಯಲ್ಲಿ ಚಹಾ ಇಲ್ಲ. ಬೀದಿಯಲ್ಲಿ ತಿರುಗುವವರಿಗೆ ಊರವರು ಏನನ್ನುತ್ತಾರೋ ಗಾಜಿನ ಮೇಲಿನವರಿಗೂ ಅವಳು ಅದನ್ನೇ ಎನ್ನುತ್ತಿದ್ದಳು: ಒಳ್ಳೇ ಅಣ್ಣಂದಿರು.

ಆ ಅಣ್ಣಂದಿರು ಕಂಡರೆ ಮಗಳು ಬದುಕಿದಳು. ಕಾಣದೆ ಹೋದರೆ ಆ ಕಲ್ಲು ಬೇರೇನೋ. ಊರಿಗೆ ಊರೇ ಬಾಗಿಲಿಗೆ ಬರಬೇಡಿರಪ್ಪಾ ಎಂದು ಕೈಮುಗಿಯುವ ತಿಂಗಳಲ್ಲಿ ವೆನ್‌ಛಿ ಒಬ್ಬಳು, ಬನ್ನಿ, ದಯವಿಟ್ಟು ಬನ್ನಿ ಎಂದು ಬೇಡುತ್ತಿದ್ದಳು. ಅವರು ಬರಬೇಕಾದರೆ ತುಂಡು ಹದವಾಗಬೇಕು. ಹದವಾಗಬೇಕಾದರೆ ಮೆಷಿನ್ ಹಟ ಮಾಡಬಾರದು. ಅದರ ನೆತ್ತಿಯ ಮೇಲೆ ಗಾಜ್ ಬಟ್ಟೆ!

ಕೆಳಗಿನ ಅಂಗಡಿಗೆ ಹಸಿರು ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅಂಗಳಕ್ಕೆ ಓಡಿದಳು. ಅಂದೇ ಎಡೆಯ ದಿನ. ಉದ್ದನೆಯ ಮೇಜುಗಳ ಮೇಲೆ ಇಡೀ ಕೋಳಿ, ಅನಾನಸು, ಬೀರಿನ ಡಬ್ಬಿ, ನೂಡಲ್ಸ್ ಪೆಟ್ಟಿಗೆ. ನಡುವೆ ಎಕ್ಸ್‌ರೇ ವಿಭಾಗದವರು ಕಟ್ಟಿದ ಹಸಿರು ಪೊಟ್ಟಣಗಳ ಗೋಪುರ, ಆಳೆತ್ತರ. ಒಂದೊಂದು ತಿಂಡಿಗೂ ಒಂದೊಂದು ಊದುಬತ್ತಿ ಚುಚ್ಚಿದ್ದರು. ಬತ್ತಿ ಉರಿದು ಮುಗಿಯುವ ತನಕ ಅಣ್ಣಂದಿರು ಉಣ್ಣುತ್ತಿರುತ್ತಾರೆ. ಆಗ ಎಡೆಗೆ ಕೈ ಹಾಕಬಾರದು. ವೆನ್‌ಛಿ ಗೋಪುರದ ಬುಡದ ಬತ್ತಿ ಅಳೆದಳು. ಇನ್ನೂ ಒಂದು ಗೇಣು. ಗಡಿಯಾರ ನೋಡಿದಳು. ಅತ್ತಿತ್ತ ನೋಡಿದಳು. ಆಮೇಲೆ ಬಾಗಿ, ತುಟಿ ಚೂಪು ಮಾಡಿ, ಬತ್ತಿಯ ಕೆಂಡಕ್ಕೆ ಮೆಲ್ಲಗೆ ಊದತೊಡಗಿದಳು. ಬೇಗ ಉರಿಯಲಿ ಎಂದು.

ಎರಡು ಬೆರಳಿನಷ್ಟು ಉರಿಯಿತು. ಬೆನ್ನ ಹಿಂದೆ ದನಿ ಕೇಳಿತು.

"ಏನಮ್ಮಾ, ಸಾರು ಬಿಸಿ ಇದೆ ಅಂತ ಅಣ್ಣಂದಿರಿಗೆ ಆರಿಸಿ ಕೊಡ್ತಿದ್ದೀಯಾ?"

ಅಂಗಳ ಗುಡಿಸುವ ಅಜ್ಜಿ, ಕೈಯಲ್ಲಿ ಹೊಸ ಊದುಬತ್ತಿಗಳ ಕಟ್ಟು.

"ಇಲ್ಲ ಅಜ್ಜಿ, ಆರಿಹೋಗ್ತಿತ್ತು, ಅದಕ್ಕೆ..."

"ಆರಲ್ಲ ಬಿಡು. ಇನ್ನೂ ಎರಡು ಸರ್ತಿ ಹಚ್ಚಬೇಕು. ದೂರದಿಂದ ಬಂದೋರು, ನಿಧಾನಕ್ಕೆ ಉಣ್ಲಿ." ಅಜ್ಜಿ ಹಳೆಯ ಬತ್ತಿಯ ಪಕ್ಕದಲ್ಲೇ ಹೊಸದೊಂದನ್ನು ಹಚ್ಚಿ ಚುಚ್ಚಿದಳು. ಇನ್ನೊಂದು ಗೇಣು!

ವೆನ್‌ಛಿ ಬರಿಗೈಯಲ್ಲಿ ಮೇಲೆ ಬಂದಳು. ಐದಕ್ಕೆ ಲುವಾನಕ್ಕ ಗುಂಡಿ ಒತ್ತಿದಳು. ಪೊಟ್ಟಣವನ್ನು ಒಂದು ಸಲ ತಟ್ಟಿದಳು. ಎರಡನೆಯದಕ್ಕೆ ಕೈ ಎತ್ತಿ, ಅರ್ಧದಲ್ಲಿ ನಿಲ್ಲಿಸಿ, ವೆನ್‌ಛಿಯ ಮುಖ ನೋಡಿದಳು.

"ಯಾಕೆ ಹುಡುಗಿ, ನಿನ್ನೇ ತಟ್ಟಿದ ಹಾಗೆ ಮುಖ ಮಾಡ್ತೀಯಾ?"

"ಏನಿಲ್ಲ ಅಕ್ಕ."

"ಏನಿಲ್ಲ," ಎಂದು ಲುವಾನಕ್ಕ ತಾನೂ ಹೇಳಿ, ಎರಡನೇ ಸಲ ತಟ್ಟಿ, ಚೀಲ ಎತ್ತಿಕೊಂಡು ಹೊರಟಳು.

ಮನೆಯಲ್ಲಿ ಯಾಯಾ ಕೆನ್ನೆಗೆ ಪಟ್ಟಿ ಅಂಟಿಸಿಕೊಂಡೇ ಮಂಚದ ಮೇಲೆ ಕುಣಿಯುತ್ತಿದ್ದಳು. ಅಮ್ಮನಿಗೆ ಅನ್ನ ಇಳಿಯಲಿಲ್ಲ. ಅತ್ತೆ ತಟ್ಟೆಯನ್ನೂ ನೋಡಿದರು, ಸೊಸೆಯನ್ನೂ ನೋಡಿದರು, ತಟ್ಟೆ ಮುಚ್ಚಿಟ್ಟು ಮಲಗಲು ಹೋದರು. ಬೈದಿದ್ದರೆ ವಾಸಿಯಿತ್ತು.

ಬೆಳಿಗ್ಗೆ ಬಂದು ನೋಡಿದರೆ ಮೆಷಿನ್ನಿನ ಹಸಿರು ದೀಪ ಉರಿಯುತ್ತಿತ್ತು. ಕೆಲಸ ಮುಗಿದಿತ್ತು, ಕೂಗಾಟವಿಲ್ಲ. ವೆನ್‌ಛಿಗೆ ಅರ್ಧ ಉಸಿರು ಬಂತು. ಲುವಾನಕ್ಕ ಮಗುವಿನ ತುಂಡನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ, ತಣ್ಣಗಾಗಿಸಿ, ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿದಳು. ವೆನ್‌ಛಿ ಆಚೆ ಮೇಜಿನಲ್ಲಿ ಯಾರದೋ ಪಿತ್ತಕೋಶವನ್ನು ಹಿಡಿದು ಕೂತಿದ್ದಳು, ಕಿವಿಗಳೆರಡೂ ಈಚೆಗಿದ್ದವು. ಒಳ್ಳೆಯ ತುಂಡು ಕೊಯ್ಯುವಾಗ ಸದ್ದೇ ಬರುವುದಿಲ್ಲ.

ಕರ್ರ್.

ಬಿಸಿನೀರಿಗೆ ಬಿದ್ದ ಪಟ್ಟಿ ಉದ್ದಕ್ಕೂ ಸೀಳಿ ಚೂರುಚೂರಾಗಿತ್ತು. ಲುವಾನಕ್ಕ ಅಲಗು ಬದಲಿಸಿದಳು.

ಕರ್ರ್ ಕರ್ರ್.

ವೆನ್‌ಛಿ ಎದ್ದುಬಿಟ್ಟಳು. "ಅಕ್ಕಾ ನಿಲ್ಲಿಸಿ! ನಂದೇ ತಪ್ಪು. ಆ ಪೊಟ್ಟಣದಲ್ಲಿ ತಿಂಡಿ ಇಲ್ಲ. ಯಾಯಾ ತಿಂದಳು, ನಾನೇ ಕೊಟ್ಟೆ. ಒಳಗೆ ಬರೀ..."

"ಗಾಜ್ ಬಟ್ಟೆ," ಎಂದಳು ಲುವಾನಕ್ಕ, ತಲೆ ಎತ್ತದೆ. "ನಾಲ್ಕು ಮಡಿಕೆ. ಅಂಚಿಗೆ ಮೇಣ ಹಾಕೋವಾಗ ಅವಸರ ಮಾಡಿದ್ದೀಯ, ಬಲಗಡೆ ಉಬ್ಬಿದೆ. ನನ್ನ ಹತ್ರ ಮೂರು ವರ್ಷ ಕಲಿತು ಇಷ್ಟು ಕೆಟ್ಟದಾಗಿ ಮುಚ್ಚಿದ್ದೀಯಲ್ಲ, ಅದಕ್ಕೆ ಬೇಜಾರು."

ವೆನ್‌ಛಿ ಬಾಯಿ ತೆರೆದು ನಿಂತಳು. "ನಿಮಗೆ ಗೊತ್ತಿತ್ತಾ?"

"ಮೊದಲನೇ ಸಂಜೆನೇ. ಕೆನೆ ಎತ್ತಿದ ಕೈ ಕಣೇ ಇದು. ತಟ್ಟಿದ್ರೆ ಕುರುಕುರು ಅನ್ನಬೇಕಾದ್ದು ಪುಸ್ ಅಂದ್ರೆ ತಿಳಿಯಲ್ವ?"

"ಮತ್ತೆ ಯಾಕೆ ಹೇಳಲಿಲ್ಲ?"

"ದಿನಾ ಐದಕ್ಕೆ ನೀನು ತುಟಿ ಕಚ್ಕೊಂಡು ನಗೋದು ನೋಡೋಕೆ ಚೆನ್ನಾಗಿತ್ತು. ಆ ಹೊತ್ತಲ್ಲಿ ಟೀವೀಲಿ ಏನೂ ಬರಲ್ಲ." ಲುವಾನಕ್ಕ ಈಗ ತಲೆ ಎತ್ತಿದಳು. "ಅಳ್ಬೇಡ, ಕಣ್ಣೀರು ನೀರಿನ ತಟ್ಟೆಗೆ ಬೀಳುತ್ತೆ. ಕಲ್ಲಿದ್ರೆ ಅಲಗು ಕರ್ರ್ ಅನ್ನಲೇಬೇಕು. ಇದರಲ್ಲಿ ಸುಣ್ಣ ಇದೆ. ಸುಣ್ಣಕ್ಕೆ ಏನ್ ಮಾಡ್ತೀವಿ? ನಿಮ್ಮ ತೈಪೇಲಿ ಹೇಳಿಕೊಟ್ಟಿಲ್ವ?"

"ಆಸಿಡ್ಡಲ್ಲಿ ನೆನೆಹಾಕ್ತೀವಿ," ಎಂದಳು ವೆನ್‌ಛಿ, ಶಾಲೆಯ ಹುಡುಗಿಯ ಹಾಗೆ.

"ಮತ್ತೆ ತಗೊಂಡು ಬಾ. ಇದನ್ನ ಮುಟ್ಟಬಾರದು ಅಂದೆ, ಆಸಿಡ್ ಬಾಟ್ಲು ಮುಟ್ಟಬಾರದು ಅನ್ನಲಿಲ್ಲ."

ಮೇಣದ ಬಿಲ್ಲೆಯ ಮುಖವನ್ನು ತೆಳು ಆಸಿಡ್ಡಿನಲ್ಲಿ ಅದ್ದಿದ ಬಟ್ಟೆಯ ಮೇಲೆ ಬೋರಲು ಮಲಗಿಸಿ ಅರ್ಧ ಗಂಟೆ ಬಿಟ್ಟರು. ಆ ಅರ್ಧ ಗಂಟೆಯಲ್ಲಿ ಲುವಾನಕ್ಕ ಪೇಟೆಯಿಂದ ತಂದ ಟರ್ಕಿಕೋಳಿ ಅನ್ನವನ್ನು ಹೊರಗಿನ ಕೋಣೆಯಲ್ಲಿ ಕೂತು ಒಂದು ಅಗುಳೂ ಬಿಡದೆ ಉಂಡಳು. ವೆನ್‌ಛಿ ಹತ್ತು ಸಲ ಗಡಿಯಾರ ನೋಡಿದಳು.

ಮತ್ತೆ ಕೊಯ್ದಾಗ ಸದ್ದು ಬರಲಿಲ್ಲ. ಪಟ್ಟಿ ಅಲಗಿನಿಂದ ಇಳಿದು ಬಿಸಿನೀರಿನ ಮೇಲೆ ಮಲಗಿತು. ಲುವಾನಕ್ಕ ಬಗ್ಗಿ ಒಂದೇ ಒಂದು ಉಸಿರು ಬಿಟ್ಟಳು, ಸುಕ್ಕೆಲ್ಲ ಬಿಚ್ಚಿಕೊಂಡಿತು. ಗಾಜನ್ನು ಓರೆಯಾಗಿ ನೀರಿಗಿಳಿಸಿ ಎತ್ತಿದಳು. ಒಣಗಿಸಿ, ನೀಲಿಯಲ್ಲೊಮ್ಮೆ ಗುಲಾಬಿಯಲ್ಲೊಮ್ಮೆ ಅದ್ದಿ, ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ನೋಡಲು ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಬಹಳ ಹೊತ್ತು ನೋಡಿದಳು. ಬಣ್ಣ ನೋಡಲು ಅಷ್ಟು ಹೊತ್ತು ಬೇಡ.

"ಅಕ್ಕ."

"ಉಂ."

"ಅಕ್ಕಾ!"

"ಗಂಟು ಏನು ಅಂತ ಹೇಳೋಕೆ ನನಗೆ ಅಧಿಕಾರ ಇಲ್ಲ. ಅದು ಡಾಕ್ಟರ ಕೆಲಸ." ಲುವಾನಕ್ಕ ಕನ್ನಡಕವನ್ನು ಎದೆಯ ಮೇಲೆ ಜಾರಿಬಿಟ್ಟಳು. "ಬಣ್ಣದ ವಿಷಯ ಮಾತ್ರ ಹೇಳಬಲ್ಲೆ. ಗುಲಾಬಿ ಬಹಳ ಚೆನ್ನಾಗಿ ಬಂದಿದೆ. ಓಣಿ ತುಂಬ ಬಂದಿದೆ. ನಿನ್ನೆ ಅಂಗಳದಲ್ಲಿ ಉಂಡೋರೆಲ್ಲ ಸಾಲಾಗಿ ಇಲ್ಲೇ ಬಂದು ಮಲಗಿದ ಹಾಗಿದೆ. ಒಬ್ಬರ ಮನೇಲೂ ದೀಪ ಇಲ್ಲ."

ವೆನ್‌ಛಿ ಪಿತ್ತಕೋಶದ ಮೇಜಿಗೆ ಆತುಕೊಂಡು ನೆಲದ ಮೇಲೇ ಕೂತುಬಿಟ್ಟಳು.

ಡಾಕ್ಟರ್ ಓಯಾಂಗ್ ಉಸಿರು ಹೊರಗೆ ಬಿಟ್ಟು ಬಂದು ನೋಡಿದರು. "ಕೂದಲಾಗೋಕೆ ಹೊರಟು, ದಾರಿ ತಪ್ಪಿ ಕೆನ್ನೆ ಒಳಗೇ ಗಂಟು ಕಟ್ಕೊಂಡು ಕೂತಿದ್ದ ಗುಂಪು ಇದು. ಇನ್ನೇನೂ ಇಲ್ಲ. ಪೂರ್ತಿ ತೆಗೆದಿದ್ದಾರೆ. ವೆನ್‌ಛಿ, ಇನ್ನಾದ್ರೂ ಊಟ ಮಾಡಮ್ಮ." ಆಮೇಲೆ ಕಣ್ಣನ್ನು ಮತ್ತೆ ಅದಕ್ಕೇ ಒತ್ತಿ, "ಎಷ್ಟು ಚೆನ್ನಾಗಿ ಕಾಣ್ತಿವೆ ಈ ದೆ..." ಎಂದರು. ಲುವಾನಕ್ಕ ಕೆಮ್ಮಿದಳು. "...ಈ ಅಣ್ಣಂದಿರು," ಎಂದು ತಿದ್ದಿಕೊಂಡು ಚಹಾ ಉಳಿಸಿಕೊಂಡರು.

ವೆನ್‌ಛಿ ಅತ್ತೆಗೆ ಫೋನು ಮಾಡಿದಳು. ಆ ಕಡೆ ಮೂಗು ಒರೆಸಿಕೊಂಡ ಸದ್ದಾಯಿತು. ಆಮೇಲೆ, "ಬರೋವಾಗ ಅನಾನಸು ತಗೊಂಡ್ಬಾ. ಎಡೆ ಇಡ್ಬೇಕು," ಎಂದಷ್ಟೇ ಬಂತು. ದನಿ ಒದ್ದೆಯಾಗಿತ್ತು.

ಅಳು ಒರೆಸಿಕೊಂಡು ಧೈರ್ಯ ಬಂದ ಮೇಲೆ ವೆನ್‌ಛಿಗೆ ಹಳೆಯ ಬುದ್ಧಿಯೂ ಮರಳಿತು. "ಅಕ್ಕ, ಒಂದು ಮಾತು. ಮೂರು ವಾರ ಪೊಟ್ಟಣ ಖಾಲಿ. ಮೆಷಿನ್ ಒಂದು ದಿನಾನೂ ಕೈ ಕೊಡಲಿಲ್ಲ. ಅಂದ್ಮೇಲೆ ಇದೆಲ್ಲ..."

ಲುವಾನಕ್ಕ ಇದಕ್ಕೇ ಕಾದಿದ್ದವಳ ಹಾಗೆ ಎದ್ದು, ಮೆಷಿನ್ನಿನ ಕೆಳಗಿನ ಬಾಗಿಲು ತೆರೆದಳು. ಬಾಟಲಿಗಳ ಹಿಂದಿನಿಂದ ಇನ್ನೊಂದು ಹಸಿರು ಪೊಟ್ಟಣ ಎಳೆದು, ಕಿವಿಯ ಹತ್ತಿರ ಅಲ್ಲಾಡಿಸಿದಳು. ಕುರುಕುರು.

"ನಿನ್ನ ಬಟ್ಟೆ ನಂಬಿಕೊಂಡು ಊರವರ ತುಂಡನ್ನೆಲ್ಲ ಒಳಗಿಡೋಕೆ ನನಗೇನು ಹುಚ್ಚಾ? ಮೊದಲನೇ ಸಂಜೆನೇ ನನ್ನ ಪೆಟ್ಟಿಗೇಲಿ ಇದ್ದದ್ದನ್ನ ತಂದಿಟ್ಟೆ. ನಿನ್ನ ಪ್ರಯೋಗ ಕೆಡಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡಮ್ಮ."

ವೆನ್‌ಛಿ ಪೊಟ್ಟಣವನ್ನು ಕೈಗೆ ತೆಗೆದುಕೊಂಡಳು. ತಾಯಿಯ ಅಭ್ಯಾಸ, ಯಾವ ತಿಂಡಿಯ ಪೊಟ್ಟಣ ಕೈಗೆ ಬಂದರೂ ಅವಳ ಕಣ್ಣು ಮೊದಲು ಹಿಂಬದಿಗೆ ಹೋಗುತ್ತದೆ. ಹೋಯಿತು. ಅಲ್ಲೇ ನಿಂತಿತು.

"ಅಕ್ಕ, ಕನ್ನಡಕ ಹಾಕ್ಕೊಳ್ಳಿ."

"ಯಾಕೆ?"

"ಹಾಕ್ಕೊಂಡು ಇದನ್ನ ಓದಿ."

ಕೂದಲೆಳೆಯ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ತೆಳು ಪಟ್ಟಿಯಲ್ಲಿ ಸೀಳು ಹುಡುಕುವ ಕಣ್ಣು, ಪೊಟ್ಟಣದ ಬೆನ್ನಿನ ಮೇಲಿನ ಅಂಕಿಗಳನ್ನು ಎರಡು ಸಲ ಓದಿತು. ಹೋದ ವರ್ಷದ ಮೇ ತಿಂಗಳು.

ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಲುವಾನಕ್ಕನ ಮುಖದ ಗುಲಾಬಿ ಇಳಿಯಿತು. ಮೆಷಿನ್ನನ್ನು ನೋಡಿದಳು. ಮೆಷಿನ್ ಹಸಿರು ದೀಪ ಹಚ್ಚಿಕೊಂಡು ತಣ್ಣಗೆ ಕೂತಿತ್ತು.

"ಅದಕ್ಕೆ ಕೇಳಿಸ್ತೇನೋ?" ಎಂದಳು ಪಿಸುದನಿಯಲ್ಲಿ.

"ನಾನು ಯಾರಿಗೂ ಹೇಳಲ್ಲ ಅಕ್ಕ," ಎಂದಳು ವೆನ್‌ಛಿಯೂ ಪಿಸುದನಿಯಲ್ಲೇ. ತುಟಿ ಕಚ್ಚಿಕೊಂಡಿದ್ದಳು.

"ನಗ್ಬೇಡ. ಎಕ್ಸ್‌ರೇಯವರು ಗೋಪುರ ಹಂಚ್ತಿರಬೇಕು. ಎದ್ದೇಳು! ಇಲ್ಲ, ನೀನು ಬೇಡ, ನೀನು ದಾರೀಲಿ ಮಗಳಿಗೆ ತಿನ್ನಿಸ್ತೀಯಾ." ಲುವಾನಕ್ಕ ಕೋಣೆಯ ಚಪ್ಪಲಿಯಲ್ಲೇ ಮೆಟ್ಟಿಲ ಕಡೆ ಓಡಿದಳು. ಎರಡು ನಿಮಿಷದ ಮೇಲೆ ಅಂಗಳದಿಂದ ಗುಡಿಸುವ ಅಜ್ಜಿಯ ದನಿ ಮೂರನೇ ಮಹಡಿಗೂ ಕೇಳಿಸಿತು: "ನಿಮ್ಮ ಕೋಣೆಯವರಿಗೆ ಏನಾಗಿದೆ? ನಿನ್ನೆ ಒಬ್ಬಳು ಊದ್ತಿದ್ದಳು, ಇವತ್ತು ಇನ್ನೊಬ್ಬಳು ಓಡ್ತಾಳೆ!"